ಜಗಲಿ, ತೊಟ್ಟಿ, ಅಟ್ಟ, ಹಿತ್ತಲು

ಅರಸೀಕೆರೆಯಲ್ಲಿ ರೈಲಿನಿಂದಿಳಿದು, ಬಾಣಾವರ ಜಾವಗಲ್ಲುಗಳ ಮೇಲೆ ಹಳೇಬೀಡಿಗೂ, ಅಲ್ಲಿಂದ 16 ಕಿಲೋಮೀಟರು ದೂರದ ಬೇಲೂರಿಗೂ ಹೋಗುವ ಪ್ರವಾಸಿಗನ ಕಣ್ಣು ಸಾಮಾನ್ಯವಾಗಿ ಶಿಲ್ಪವನ್ನೇ ಅರಸುತ್ತಿರುತ್ತದೆ. ಅರಸೀಕೆರೆಯ ಈಶ್ವರ ದೇವಾಲಯದ ನಕ್ಷತ್ರಾಕಾರದ ಮುಖಮಂಟಪ, ಹಳೇಬೀಡಿನ ಹೊಯ್ಸಳೇಶ್ವರ, 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ, ಇವುಗಳ ನಡುವೆ ದಾರಿಯ ಇಕ್ಕೆಲದ ಊರುಗಳಲ್ಲಿ ನಿಂತಿರುವ ಮನೆಗಳು ಆತನ ಗಮನಕ್ಕೆ ಬರುವುದೇ ಇಲ್ಲ. ದೇವಾಲಯಗಳಿಗಾದರೋ ಜಗತ್ತಿನ ಮನ್ನಣೆ ದೊರೆತಿದೆ; ಬೇಲೂರು ಹಳೇಬೀಡುಗಳ ಗುಡಿಗಳು ಸೋಮನಾಥಪುರದ ಗುಡಿಯೊಡನೆ 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದವು. ಮನೆಗಳ ಪಾಡು ಹಾಗಲ್ಲ. ದೋರಸಮುದ್ರವು ಹೊಯ್ಸಳರ ರಾಜಧಾನಿಯಾಗಿದ್ದಾಗ ಅಲ್ಲಿ ಸಾವಿರಾರು ಕುಟುಂಬಗಳು ಬಾಳಿರಬೇಕಷ್ಟೆ? ಅವುಗಳ ಒಂದು ಮನೆಯಾದರೂ ಇಂದು ನೋಡಲು ಸಿಕ್ಕುವುದಿಲ್ಲ. ದೇವರಿಗೆ ಕಲ್ಲು, ಮನುಷ್ಯನಿಗೆ ಮಣ್ಣು ಮತ್ತು ಮರ ಎಂಬುದು ಅಂದಿನ ಪದ್ಧತಿ. ಕಲ್ಲು ಉಳಿಯಿತು, ಮಣ್ಣು ಮಣ್ಣನ್ನು ಕೂಡಿತು.

ಆ ಪದ್ಧತಿಯ ತೀರ ಈಚಿನ ಸಂತತಿಯೆನ್ನಬಹುದಾದ ತೊಟ್ಟಿಯ ಮನೆಗಳು ಈ ಸೀಮೆಯಲ್ಲಿ ಇನ್ನೂ ಅಲ್ಲಲ್ಲಿ ಇವೆ. ಆದರೆ ಅವುಗಳ ಸಂಖ್ಯೆ ಇಳಿಯುತ್ತಿದೆ. ಅಣ್ಣತಮ್ಮಂದಿರ ಪಾಲಾದಾಗ, ಮಕ್ಕಳು ಬೆಂಗಳೂರಿಗೆ ಹೋದಾಗ, ಹೆಂಚು ಸೋರತೊಡಗಿದಾಗ ಹಳೆಯ ಮನೆಯನ್ನು ಕೆಡವಿ ಕಾಂಕ್ರೀಟಿನ ಮನೆಯನ್ನು ಎಬ್ಬಿಸುವುದು ರೂಢಿಯಾಗಿದೆ. ಇದನ್ನು ತಪ್ಪೆಂದು ದೂರದಲ್ಲಿ ಕುಳಿತವರು ಹೇಳುವುದು ಸುಲಭ. ಗೆದ್ದಲು ತಿಂದ ಜಂತೆಯ ಕೆಳಗೆ ಮಲಗುವವರಿಗೆ ಅದರ ಕಷ್ಟ ಗೊತ್ತು. ಆದರೂ ಕೆಡವುವುದಕ್ಕೆ ಮುಂಚೆ ಆ ಮನೆಯಲ್ಲಿ ಯಾವ ಭಾಗ ಯಾವ ಕೆಲಸವನ್ನು ಮಾಡುತ್ತಿದ್ದಿತು ಎಂಬುದನ್ನು ತಿಳಿದುಕೊಳ್ಳುವುದು ಲಾಭಕರ. ಕೆಲವು ಕೆಲಸಗಳನ್ನು ಹೊಸ ಮನೆ ಮಾಡಲಾರದು. ಹಳೆಯ ಮನೆ ಮಾಡುತ್ತಿದ್ದ ಕೆಲವು ಹಾನಿಗಳನ್ನು ನಾವು ಮರೆತಿದ್ದೇವೆ ಎಂಬುದೂ ಅಷ್ಟೇ ನಿಜ.

ಮೊದಲು ಗೋಡೆಯನ್ನು ತೆಗೆದುಕೊಳ್ಳೋಣ. ಹಳೆಯ ಮನೆಯ ಮಣ್ಣಿನ ಗೋಡೆ ಒಂದೂವರೆ ಅಡಿಗೆ ಕಡಿಮೆಯಿರುವುದು ಅಪರೂಪ. ಬಿಸಿಲಿನ ಉಷ್ಣವು ಗೋಡೆಯ ಹೊರಮೈಯಿಂದ ಒಳಮೈಗೆ ಒಮ್ಮೆಗೇ ನುಗ್ಗುವುದಿಲ್ಲ. ಅಲೆಯಂತೆ ನಿಧಾನವಾಗಿ ಸರಿಯುತ್ತದೆ, ಸರಿಯುತ್ತ ಸರಿಯುತ್ತ ಸೊರಗುತ್ತದೆ. ಮಣ್ಣಿನ ಉಷ್ಣವಾಹಕತೆ, ತೂಕ ಮುಂತಾದುವುಗಳನ್ನು ಹಿಡಿದು ಲೆಕ್ಕ ಹಾಕಿದರೆ ಇಂತಹ ಗೋಡೆಯನ್ನು ದಾಟಲು ಆ ಅಲೆಗೆ ಹೆಚ್ಚು ಕಡಿಮೆ 12ರಿಂದ 14 ಗಂಟೆಗಳು ಬೇಕು. ಮಧ್ಯಾಹ್ನ ಎರಡು ಗಂಟೆಯ ಕಾವು ಒಳಗಿನ ಕೋಣೆಯನ್ನು ಮುಟ್ಟುವ ಹೊತ್ತಿಗೆ ಹೊರಗೆ ಬೆಳಗಿನ ಜಾವದ ಚಳಿ. ಅಷ್ಟರಲ್ಲಿ ಉಷ್ಣದ ಏರಿಳಿತ ಇಪ್ಪತ್ತರಲ್ಲಿ ಒಂದು ಪಾಲಿಗೂ ಕಡಿಮೆಯಾಗಿ ಹೋಗಿರುತ್ತದೆ. ನಾಲ್ಕು ಅಂಗುಲ ದಪ್ಪದ ಕಾಂಕ್ರೀಟು ಹಾಸಿನ ಲೆಕ್ಕವನ್ನು ಇದೇ ರೀತಿ ಮಾಡಿದರೆ ಸಿಕ್ಕುವ ಉತ್ತರ ಸುಮಾರು ಮೂರು ಗಂಟೆ. ಎಂದರೆ ಎರಡು ಗಂಟೆಯ ಕಾವು ಸಂಜೆ ಐದಕ್ಕೆ, ಮನೆಯವರೆಲ್ಲರೂ ಒಳಗೆ ಸೇರುವ ಹೊತ್ತಿಗೆ, ನೆತ್ತಿಯ ಮೇಲೆ ಇಳಿಯುತ್ತದೆ. ಅರಸೀಕೆರೆಯ ಕಡೆ ಏಪ್ರಿಲ್ ತಿಂಗಳಲ್ಲಿ ಹೊಸ ಮನೆಯ ಯಜಮಾನರು ಹಾಸಿಗೆಯನ್ನು ಮಹಡಿಯ ಮೇಲಕ್ಕೆ ಏಕೆ ಸಾಗಿಸುತ್ತಾರೆಂಬುದಕ್ಕೆ ಬೇರೆ ವಿವರಣೆ ಬೇಡ.

ಗೋಡೆ ತಡೆದುದನ್ನು ತೊಟ್ಟಿ ಹೊರಗೆ ಹಾಕುತ್ತದೆ. ನಾಲ್ಕು ಕಡೆಯ ಪಡಸಾಲೆಗಳ ನಡುವೆ ಆಕಾಶಕ್ಕೆ ತೆರೆದುಕೊಂಡಿರುವ ಈ ಚೌಕ ಬರಿಯ ಬೆಳಕಿಂಡಿಯಲ್ಲ. ಹಗಲಿನಲ್ಲಿ ಬಿಸಿಲು ಬಿದ್ದು ಕಾದ ಗಾಳಿ ಹಗುರವಾಗಿ ಮೇಲೇಳುತ್ತದೆ. ಆ ತೆರವನ್ನು ತುಂಬಲು ಜಗಲಿಯ ನೆರಳಿನ ಗಾಳಿ ಬಾಗಿಲಿನ ಮೂಲಕ ಒಳಕ್ಕೆ ಬರುತ್ತದೆ. ರಾತ್ರಿ ಇದರ ತಿರುವು ಮುರುವು. ಮೋಡವಿಲ್ಲದ ರಾತ್ರಿಯಲ್ಲಿ ಹೆಂಚುಗಳೂ ತೊಟ್ಟಿಯ ಹಾಸುಗಲ್ಲುಗಳೂ ತಮ್ಮ ಉಷ್ಣವನ್ನು ವಿಕಿರಣದ ರೂಪದಲ್ಲಿ ಆಕಾಶಕ್ಕೆ ಚೆಲ್ಲಿ ತಣ್ಣಗಾಗುತ್ತವೆ. ಅವುಗಳನ್ನು ಸೋಕಿದ ಗಾಳಿ ತಂಪಾಗಿ, ಭಾರವಾಗಿ, ತೊಟ್ಟಿಯೊಳಕ್ಕೆ ಇಳಿದು ಸುತ್ತಣ ಕೋಣೆಗಳಿಗೆ ಹರಡುತ್ತದೆ. ಈಚೆಗೆ ಅನೇಕರು ಮಳೆಯ ಎರಚಲಿಗೂ ಕೋತಿಗಳ ಕಾಟಕ್ಕೂ ಬೇಸತ್ತು ತೊಟ್ಟಿಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸುತ್ತಿದ್ದಾರೆ. ಕೋತಿ ನಿಲ್ಲುತ್ತದೆ, ನಿಜ. ಆದರೆ ಬಿಸಿಲನ್ನು ಒಳಕ್ಕೆ ಬಿಟ್ಟು ಕಾದ ಗಾಳಿಯನ್ನು ಹೊರಕ್ಕೆ ಬಿಡದ ಈ ಹೊದಿಕೆಯಿಂದ ತೊಟ್ಟಿಯು ತಂಪಿನ ಯಂತ್ರವಾಗಿದ್ದುದು ಒಲೆಯಾಗಿ ಮಾರ್ಪಡುತ್ತದೆ. ಕಬ್ಬಿಣದ ಜಾಲರಿ ಹಾಕಿದರೆ ಕೋತಿಯೂ ಬಾರದು, ಗಾಳಿಯೂ ನಿಲ್ಲದು.

ಒಂದೇ ಜಿಲ್ಲೆಯಲ್ಲಿದ್ದರೂ ಅರಸೀಕೆರೆ ಬೇಲೂರುಗಳ ಹವೆ ಒಂದಲ್ಲ. ಪಶ್ಚಿಮ ಘಟ್ಟಗಳಿಂದ ಪೂರ್ವಕ್ಕೆ ಸರಿದಂತೆ ಮಳೆ ಕುಗ್ಗುತ್ತ ಬರುತ್ತದೆ. ಬೇಲೂರಿನ ಪಡುವಣ ಭಾಗದಲ್ಲಿ ಕಾಫಿಯ ತೋಟ, ಅರಸೀಕೆರೆಯಲ್ಲಿ ತೆಂಗು ಮತ್ತು ರಾಗಿ. ಮನೆಯ ಮಡಕೆಯೇ ಈ ವ್ಯತ್ಯಾಸವನ್ನು ಅಳೆಯಬಲ್ಲದು. ಮಣ್ಣಿನ ಮಡಕೆಯ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಂದೊಂದು ಗ್ರಾಂಗೂ ಸುಮಾರು 580 ಕ್ಯಾಲೊರಿ ಉಷ್ಣವನ್ನು ಉಳಿದ ನೀರಿನಿಂದ ಕಿತ್ತುಕೊಂಡು ಹೋಗುತ್ತದೆ. ಬೇಸಗೆಯಲ್ಲಿ ಅರಸೀಕೆರೆಯ ಒಣಗಾಳಿಗೆ ಇಟ್ಟ ಮಡಕೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಆಷಾಢದ ಮಳೆಯಲ್ಲಿ ಬೇಲೂರಿನ ಅಡುಗೆಮನೆಯಲ್ಲಿರುವ ಮಡಕೆ ಹೊರಮೈ ಒದ್ದೆಮಾಡಿಕೊಂಡು ಸುಮ್ಮನೆ ಕುಳಿತಿರುತ್ತದೆ. ಗಾಳಿಯೇ ತೇವದಿಂದ ತುಂಬಿರುವಾಗ ಆವಿ ಹೋಗುವುದಾದರೂ ಎಲ್ಲಿಗೆ? ಇದೇ ಕಾರಣದಿಂದ ಮಲೆನಾಡಿನ ಸೆರಗಿನ ಮನೆಗಳ ಮಾಡು ಕಡಿದಾಗಿಯೂ ಸೂರು ತಗ್ಗಾಗಿಯೂ ಇರುತ್ತವೆ. ಅಲ್ಲಿ ಗೋಡೆಗೆ ಶತ್ರು ಬಿಸಿಲಲ್ಲ, ಎರಚಲು.

ಮನೆಯ ಅಲಂಕಾರವೆಂದೊಡನೆ ನಮಗೆ ಜಗಲಿಯೂ ಹೊಸ್ತಿಲೂ ನೆನಪಾಗುತ್ತವೆ. ಹೊಯ್ಸಳ ದೇವಾಲಯಗಳು ನಿಂತಿರುವ ಎತ್ತರದ ಪೀಠಕ್ಕೆ ಜಗತಿಯೆಂದು ಹೆಸರು. ಅದಕ್ಕೂ ನಮ್ಮ ಜಗಲಿಗೂ ಇರುವ ನಂಟು ಕಿವಿಗೇ ಕೇಳಿಸುತ್ತದೆ. ಜಗಲಿಯ ಅಂಚಿಗೆ ಎಳೆಯುವ ಕೆಮ್ಮಣ್ಣಿನ ಪಟ್ಟೆ ಕಬ್ಬಿಣದ ಆಕ್ಸೈಡು. ಬಿಸಿಲಿಗೆ ಮಾಸದ ಬಣ್ಣ ಅದು, ಏಕೆಂದರೆ ಕಬ್ಬಿಣ ತುಕ್ಕು ಹಿಡಿದು ಮುಗಿಸಿದ ಮೇಲೆ ಇನ್ನು ಕೆಡುವುದಕ್ಕೇನೂ ಉಳಿದಿರುವುದಿಲ್ಲ. ಅದರ ಪಕ್ಕದ ಬಿಳಿಯ ಪಟ್ಟೆ ಸುಣ್ಣ. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಅದು ಬುಸುಗುಟ್ಟಿ ಕುದಿಯುವುದನ್ನು ಎಲ್ಲರೂ ನೋಡಿದ್ದಾರೆ. ಬಳಿದ ಮೇಲೆ ಅದು ಗಾಳಿಯಲ್ಲಿನ ಇಂಗಾಲಾಮ್ಲ ಅನಿಲವನ್ನು ಹೀರಿಕೊಂಡು ದಿನಗಳು ಕಳೆದಂತೆ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಗೋಡೆಯ ಮೇಲೆ ಹೊಸದಾಗಿ ಬಳಿದ ಸುಣ್ಣದ ತೀವ್ರ ಕ್ಷಾರದಲ್ಲಿ ಬೂಸು ಮೊದಲಾದುವು ಬದುಕಲಾರವು. ಹಬ್ಬಕ್ಕೊಮ್ಮೆ ಸುಣ್ಣ ಬಳಿಯುವ ಪದ್ಧತಿಯಲ್ಲಿ ಹೀಗೆ ಅಂದವೂ ಆರೋಗ್ಯವೂ ಒಟ್ಟಿಗೆ ಇದ್ದವು. ಸಗಣಿಯ ಸಾರಣೆಯ ವಿಷಯದಲ್ಲಿ ಮಾತ್ರ ನಾನು ಅಷ್ಟು ಧೈರ್ಯವಾಗಿ ಹೇಳಲಾರೆ. ಅದು ಮಣ್ಣಿನ ನೆಲದ ಧೂಳನ್ನು ಹಿಡಿದಿಡುತ್ತದೆ, ಅದರೊಳಗಿನ ನಾರು ಬಿರುಕನ್ನು ತಡೆಯುತ್ತದೆ, ನೆಲ ಬರಿಗಾಲಿಗೆ ಹಿತವಾಗಿರುತ್ತದೆ. ಆದರೆ ಅದು ರೋಗಾಣುಗಳನ್ನು ಕೊಲ್ಲುತ್ತದೆಂಬ ಮಾತನ್ನು ನಂಬಿ ಹಸುಗೂಸನ್ನೂ ಬಾಣಂತಿಯನ್ನೂ ಅದರ ಮೇಲೆ ಮಲಗಿಸಕೂಡದು. ಧನುರ್ವಾಯುವಿನ ಬೀಜಾಣುಗಳು ದನದ ಸಗಣಿಯಲ್ಲಿ ಇರುವುದುಂಟು.

ರಂಗೋಲಿಯ ಪುಡಿಯಲ್ಲಿಯೂ ಒಂದು ಸ್ವಾರಸ್ಯವಿದೆ. ಅಕ್ಕಿಯ ಹಿಟ್ಟಿನಿಂದ ಗೆರೆಯೆಳೆಯಲು ಹೋದ ಹುಡುಗಿಯ ಬೆರಳಿನಿಂದ ಹಿಟ್ಟು ಗಂಟುಗಂಟಾಗಿ ಬೀಳುತ್ತದೆ. ಕಲ್ಲಿನ ಪುಡಿಯಾದರೆ ಮರಳಿನಂತೆ ಜಾರುತ್ತದೆ. ಕಣ ತೀರ ಸಣ್ಣದಾದಷ್ಟೂ ಅದರ ತೂಕಕ್ಕಿಂತ ನೆರೆಯ ಕಣದೊಡನೆ ಅದಕ್ಕಿರುವ ಅಂಟು ಹೆಚ್ಚಾಗುತ್ತದೆ ಎಂಬುದೇ ಇದರ ಗುಟ್ಟು. ಹಿಟ್ಟಿಗೆ ಇನ್ನೊಂದು ಪ್ರಯೋಜನವುಂಟು, ಇರುವೆಗಳು ಅದನ್ನು ತಿನ್ನುತ್ತವೆ. ಕಲ್ಲಿನ ಪುಡಿಯನ್ನು ಯಾವ ಇರುವೆಯೂ ಮೂಸುವುದಿಲ್ಲ. ಇನ್ನು ಚುಕ್ಕಿಗಳ ಸುತ್ತ ಎಳೆಯುವ ನಕ್ಷತ್ರಗಳನ್ನು ನೋಡಿರಿ. ಒಂದು ಚೌಕವನ್ನು ಬರೆದು, ಅದೇ ಕೇಂದ್ರದ ಮೇಲೆ ಅದನ್ನು 45 ಡಿಗ್ರಿ ತಿರುಗಿಸಿ ಮತ್ತೊಂದನ್ನು ಬರೆದರೆ ಎಂಟು ಮೂಲೆಯ ನಕ್ಷತ್ರ ಸಿದ್ಧ. ಇಪ್ಪತ್ತೆರಡೂವರೆ ಡಿಗ್ರಿಯಂತೆ ತಿರುಗಿಸುತ್ತ ನಾಲ್ಕು ಚೌಕಗಳನ್ನು ಬರೆದರೆ ಹದಿನಾರು ಮೂಲೆ. ಹೊಯ್ಸಳ ಗುಡಿಗಳ ನಕ್ಷತ್ರಾಕಾರದ ತಳವಿನ್ಯಾಸವನ್ನು ವಿದ್ವಾಂಸರು ವಿವರಿಸುವುದು ಹೀಗೆ ತಿರುಗುವ ಚೌಕಗಳಿಂದಲೇ. ಸ್ಥಪತಿಯು ಹಗ್ಗ ಗೂಟಗಳಿಂದ ಮಾಡಿದ ಲೆಕ್ಕವನ್ನು ಹೊಸ್ತಿಲ ಮುಂದೆ ಹೆಂಗಸರು ದಿನವೂ ಎರಡು ಬೆರಳುಗಳಿಂದ ಮಾಡುತ್ತಾರೆ, ಸಂಜೆಗೆ ಅಳಿಸುತ್ತಾರೆ.

ಆ ಗುಡಿಗಳ ಕಲ್ಲು ಕೂಡ ಅಡುಗೆಮನೆಯನ್ನು ಹೊಕ್ಕಿದೆ. ಬಳಪದ ಕಲ್ಲಿನ ಜಾತಿಗೆ ಸೇರಿದ ಶಿಲೆ ಉಳಿಗೆ ಮಣಿಯುವಷ್ಟು ಮೃದು. ಅದರಿಂದ ಕಡೆದ ಕಲ್ಲುಮರಿಗೆಯಲ್ಲಿ ಹುಳಿ ಗೊಜ್ಜುಗಳನ್ನು ಮಾಡಿಡುತ್ತಿದ್ದರು. ಕಲಾಯಿ ಹೋದ ಹಿತ್ತಾಳೆಯ ಪಾತ್ರೆಗೆ ಹುಣಿಸೆಹುಳಿ ತಾಕಿದರೆ ಕಿಲುಬು ಏಳುತ್ತದೆ, ಅದು ವಿಷ. ಮೆಗ್ನೀಸಿಯಂ ಮತ್ತು ಸಿಲಿಕಾಗಳಿಂದಾದ ಈ ಕಲ್ಲಿಗೆ ಹುಳಿಯ ಭಯವಿಲ್ಲ. ಒಮ್ಮೆ ಕಾದರೆ ಬಹಳ ಹೊತ್ತು ಬಿಸಿಯನ್ನು ಹಿಡಿದಿರುವುದರಿಂದ ಒಲೆಯಿಂದಿಳಿಸಿದ ಮೇಲೂ ಹುಳಿ ತಾನಾಗಿ ಕುದಿಯುತ್ತಿರುತ್ತದೆ.

ಬಿಸಿಲಿನಲ್ಲಿ ನಡೆದು ಬಂದ ನೆಂಟರಿಗೆ ಕಾಲಿಗೆ ನೀರು ಕೊಟ್ಟು, ಜಗಲಿಯ ಮೇಲೆ ಕೂರಿಸಿ, ಬೆಲ್ಲ ಮತ್ತು ನೀರನ್ನು ಮುಂದಿಡುವುದು ಈ ಸೀಮೆಯ ಮರ್ಯಾದೆ. ಕಾಫಿ ಬಂದ ಮೇಲೂ ಹಿರಿಯರ ಮನೆಗಳಲ್ಲಿ ಇದು ತಪ್ಪಿಲ್ಲ. ಬೆಲ್ಲದಲ್ಲಿರುವ ಸಕ್ಕರೆ ಕರುಳಿನಲ್ಲಿ ಒಡೆದು ಗ್ಲೂಕೋಸಾಗುತ್ತದೆ. ಕರುಳಿನ ಗೋಡೆಯನ್ನು ದಾಟುವಾಗ ಗ್ಲೂಕೋಸು ಉಪ್ಪಿನ ಸೋಡಿಯಂ ಅನ್ನು ಜೊತೆಗಾರನನ್ನಾಗಿ ಮಾಡಿಕೊಳ್ಳುತ್ತದೆ, ಅವೆರಡರ ಹಿಂದೆ ನೀರು ಹೋಗುತ್ತದೆ ಎಂಬ ತತ್ತ್ವವನ್ನು 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿಯು ಪ್ರಾಗ್ ನಗರದಲ್ಲಿ ಮಂಡಿಸಿದರು. ವಾಂತಿಭೇದಿಗೆ ಕೊಡುವ ಉಪ್ಪು ಸಕ್ಕರೆಯ ನೀರಿನಿಂದ ಜಗತ್ತಿನ ಅಸಂಖ್ಯ ಮಕ್ಕಳು ಬದುಕಿದುದು ಈ ತತ್ತ್ವದ ಬಲದಿಂದ. ಬೆಲ್ಲದ ನೀರಿನಲ್ಲಿ ಸಕ್ಕರೆಯಿದ್ದರೂ ಉಪ್ಪು ಸಾಲದು. ಬೆವರಿ ಬಂದವನಿಗೆ ಅದರ ಹಿಂದೆಯೇ ಉಪ್ಪು ಹಾಕಿದ ನೀರುಮಜ್ಜಿಗೆಯನ್ನು ಕೊಟ್ಟರೆ ಉಪಚಾರ ಪೂರ್ತಿಯಾಗುತ್ತದೆ. ಬಣ್ಣದ ಸೀಸೆಯ ಪಾನೀಯದಿಂದ ಆಗುವ ಉಪಚಾರ ಯಾವುದೆಂಬುದನ್ನು ಓದುಗರೇ ನಿರ್ಧರಿಸಲಿ.

ಊಟವಾದ ಮೇಲಿನ ತಾಂಬೂಲದ ಮಾತು ಬೇರೆ. ಅಡಿಕೆ ಈ ಜಿಲ್ಲೆಯ ಬೆಳೆ, ಅನೇಕರ ಜೀವನೋಪಾಯ. ತಾಂಬೂಲವಿಲ್ಲದ ಅತಿಥಿಸತ್ಕಾರವನ್ನು ನಮ್ಮ ಅಜ್ಜಿಯಂದಿರು ಊಹಿಸಲಾರರು. ಆದರೂ ಇದನ್ನು ಮುಚ್ಚಿಡುವುದು ಸರಿಯಲ್ಲ. ಅಡಿಕೆಯಲ್ಲಿ ಅರೆಕೊಲೀನ್ ಮೊದಲಾದ ಕ್ಷಾರಸತ್ತ್ವಗಳಿವೆ. ಸುಣ್ಣವು ಅವುಗಳನ್ನು ಬಿಡಿಸಿ ಬಾಯಿಯ ಒಳಪೊರೆ ಹೀರುವಂತೆ ಮಾಡುತ್ತದೆ. ತುಟಿಯನ್ನು ಕೆಂಪಾಗಿಸುವ ರಾಸಾಯನಿಕ ಕ್ರಿಯೆಯೂ ಆ ಸುಣ್ಣದ್ದೇ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಗೆಸೊಪ್ಪು ಸೇರದಿದ್ದರೂ ತಾಂಬೂಲವು ಕ್ಯಾನ್ಸರ್ ತರುವಂಥದೆಂದು, ಅಡಿಕೆಯೇ ಅಂಥದೆಂದು ತೀರ್ಮಾನಿಸಿತು. ಮದುವೆಗೊಂದು, ಹಬ್ಬಕ್ಕೊಂದು ಎಲೆ ಹಾಕುವವರಿಗಿಂತ ದಿನವೆಲ್ಲ ದವಡೆಯಲ್ಲಿ ಅಡಿಕೆಯನ್ನಿಟ್ಟುಕೊಳ್ಳುವವರಿಗೆ ಅಪಾಯ ಬಹಳ ಹೆಚ್ಚು. ತಟ್ಟೆಯಲ್ಲಿ ಎಲೆ ಅಡಿಕೆಯನ್ನು ಮರ್ಯಾದೆಗಿಟ್ಟು ಬಾಳೆಹಣ್ಣನ್ನೂ ತೆಂಗಿನಕಾಯಿಯನ್ನೂ ಕೈಗೆ ಕೊಟ್ಟರೆ ಸಂಪ್ರದಾಯಕ್ಕೆ ಭಂಗವಿಲ್ಲ.

ತೆಂಗಿನಕಾಯಿಯೆಂದೊಡನೆ ಅಟ್ಟದ ನೆನಪಾಗುತ್ತದೆ. ಅರಸೀಕೆರೆ ತಿಪಟೂರುಗಳ ಉಂಡೆ ಕೊಬ್ಬರಿ ಹೆಸರುವಾಸಿಯಾದುದು. ಬಿಸಿಲಿಗೆ ಹೋಳುಗಳನ್ನು ಒಣಗಿಸಿ ಮಾಡುವ ಕೊಬ್ಬರಿ ಇದಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಸುಮ್ಮನೆ ಇಡುತ್ತಾರೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗುತ್ತದೆ. ತಿರುಳು ಸೊರಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಾಯನ್ನು ಕಿವಿಯ ಬಳಿ ಕುಲುಕಿದಾಗ ಗಿಟುಕು ಗಡಗಡನೆ ಉರುಳಿದರೆ ಅದು ಆಯಿತೆಂದು ಅರ್ಥ. ಹಸಿಯ ತಿರುಳಿನಲ್ಲಿ ಅರ್ಧದಷ್ಟು ತೂಕ ನೀರೇ. ಒಳ್ಳೆಯ ಕೊಬ್ಬರಿಯಲ್ಲಿ ನೂರಕ್ಕೆ ಆರರಷ್ಟು ಮಾತ್ರ. ಇಷ್ಟು ಒಣಗಿದ ಪದಾರ್ಥದಲ್ಲಿ ಬೂಸು ಬೆಳೆಯುವುದಕ್ಕೆ ಬೇಕಾದ ನೀರೇ ಇರುವುದಿಲ್ಲ. ಹೆಂಚಿನ ಕೆಳಗಿನ ಬೆಚ್ಚನೆಯ, ಒಣಗಿದ, ಆದರೆ ಬಿಸಿಲು ಬೀಳದ ಅಟ್ಟ ಈ ಕೆಲಸಕ್ಕೆ ಹೇಳಿ ಮಾಡಿಸಿದ ಸ್ಥಳ. ಇದಕ್ಕೆ ಪ್ರತಿಫಲವಾಗಿ ಕಾಯಿಗಳೂ ಮನೆಗೆ ಉಪಕಾರ ಮಾಡುತ್ತಿದ್ದವು. ನಾರಿನೊಳಗೆ ಗಾಳಿಯನ್ನು ಹಿಡಿದಿಟ್ಟುಕೊಂಡ ಸಾವಿರಾರು ಕಾಯಿಗಳ ರಾಶಿ ಹೆಂಚಿನ ಕಾವಿಗೂ ಕೆಳಗಿನ ಕೋಣೆಗೂ ನಡುವೆ ಕಂಬಳಿಯಂತೆ ಮಲಗಿರುತ್ತಿದ್ದಿತು.

ಕಾಂಕ್ರೀಟಿನ ಮನೆಗೆ ಅಟ್ಟವಿಲ್ಲ. ಇದು ಅಂದಚೆಂದದ ಪ್ರಶ್ನೆಯಲ್ಲ, ಹಣದ ಪ್ರಶ್ನೆ. ಅಟ್ಟವುಳ್ಳ ರೈತನು ಧಾರಣೆ ಬಿದ್ದಾಗ ಕಾಯಬಲ್ಲ. ಅವನ ಕಾಯಿ ಕಾದಷ್ಟೂ ಕೊಬ್ಬರಿಯಾಗುತ್ತ ಹೋಗುತ್ತದೆ. ಅಟ್ಟವನ್ನು ಕೆಡವಿಸಿದವನು ಬೇರೆ ಕೊಟ್ಟಿಗೆಯನ್ನು ಕಟ್ಟಿಸಬೇಕು, ಇಲ್ಲವೆ ಕಿತ್ತ ಕಾಯನ್ನು ಬಂದ ಬೆಲೆಗೆ ಕೊಡಬೇಕು. ಮನೆ ಕಟ್ಟಿಸುವ ನಕ್ಷೆಯಲ್ಲಿ ವಾಹನಕ್ಕೆ ಜಾಗ ಬಿಡುವವರು ಈ ಲೆಕ್ಕವನ್ನೂ ಹಾಕುವುದು ಮೇಲು.

ಹಿತ್ತಲಿಗೆ ಬರೋಣ. ಬಚ್ಚಲ ನೀರು ಕಾಲುವೆಯಲ್ಲಿ ಹರಿದು ಮೊದಲು ಬಾಳೆಗೆ, ಆಮೇಲೆ ತೆಂಗಿಗೆ ಹೋಗುತ್ತಿದ್ದಿತು. ಪಕ್ಕದಲ್ಲಿ ನುಗ್ಗೆ, ಕರಿಬೇವು, ಬಸಳೆ, ದೊಡ್ಡಪತ್ರೆ, ಬೇಲಿಗೆ ದಾಸವಾಳ, ಮುಡಿಗೆ ಕನಕಾಂಬರ. ತೊಟ್ಟಿಯಲ್ಲಿ ತುಳಸಿಯ ಕಟ್ಟೆ. ದೊಡ್ಡಪತ್ರೆಯ ಘಾಟು ಕಾರ್ವಕ್ರಾಲ್ ಎಂಬ ತೈಲಾಂಶದ್ದು, ತುಳಸಿಯ ಕಂಪಿನಲ್ಲಿ ಲವಂಗದಲ್ಲಿರುವ ಯೂಜಿನಾಲ್ ಇದೆ. ಆದರೆ ತುಳಸಿಯು ಹಗಲುರಾತ್ರಿ ಆಮ್ಲಜನಕವನ್ನು ಬಿಡುತ್ತದೆಂದು ಈಚೆಗೆ ಹರಡಿರುವ ಮಾತಿಗೆ ಆಧಾರವಿಲ್ಲ. ಬೆಳಕಿಲ್ಲದೆ ಅದು ಆಮ್ಲಜನಕವನ್ನು ತಯಾರಿಸಲಾರದು. ರಾತ್ರಿ ನಮ್ಮಂತೆಯೇ ಅದೂ ಉಸಿರಾಡುತ್ತದೆ. ಪೂಜೆಗೆ ಈ ಸುಳ್ಳಿನ ಆಸರೆ ಬೇಕಿಲ್ಲ.

ಹಿತ್ತಲ ತೋಟದಲ್ಲಿ ಅವಸರ ನಡೆಯುವುದಿಲ್ಲವೆಂಬುದಕ್ಕೆ ತೆಂಗಿಗಿಂತ ದೊಡ್ಡ ಸಾಕ್ಷಿ ಬೇಡ. ಗರಿಯ ಬುಡದಲ್ಲಿ ಹೊಂಬಾಳೆಯ ಮೊಳಕೆ ಕಣ್ಣಿಗೆ ಕಾಣದಂತೆ ರೂಪುಗೊಂಡ ಮೇಲೆ ಅದು ಅರಳುವುದಕ್ಕೆ ಸುಮಾರು 32 ತಿಂಗಳು. ಅರಳಿದ ಹೂ ಬಲಿತ ಕಾಯಾಗುವುದಕ್ಕೆ ಮತ್ತೆ ಹನ್ನೆರಡು. ಈ ವರ್ಷದ ಬರ ಮುಂದಿನ ನಾಲ್ಕು ವರ್ಷಗಳ ಕೊಯ್ಲಿನಲ್ಲಿ ತನ್ನ ಗುರುತನ್ನು ಬಿಡುತ್ತ ಹೋಗುತ್ತದೆಂದಾಯಿತು. ಈ ಶತಮಾನದ ಎರಡನೆಯ ದಶಕದ ಬರಗಾಲಗಳಲ್ಲಿ ಅರಸೀಕೆರೆಯ ಸುತ್ತಣ ತೋಟಗಳಲ್ಲಿ ಕೊಳವೆ ಬಾವಿಗಳು ಬತ್ತಿ ಮರಗಳು ಸುಳಿಯೊಣಗಿ ನಿಂತುದನ್ನು ಆ ದಾರಿಯಲ್ಲಿ ಹೋದವರೆಲ್ಲ ಕಂಡಿದ್ದಾರೆ. ಅಂತಹ ಸಮಯದಲ್ಲಿ ಬಚ್ಚಲ ನೀರು ಬೀಳುವ ಮರಕ್ಕೆ ದಿನವೂ ತಪ್ಪದ ತೇವವಿರುತ್ತದೆ. ಮರದ ಸುತ್ತ ಅಗೆದು ಸಿಪ್ಪೆಯನ್ನು ಹೂಳುವ ಪದ್ಧತಿಯೂ ವಿವೇಕದ್ದೇ. ತೆಂಗಿನ ಸಿಪ್ಪೆ ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿಟ್ಟುಕೊಂಡು ಬೇರಿಗೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಬಚ್ಚಲ ಸೋಪು ಅತಿಯಾದರೆ ಮಣ್ಣಿಗೆ ಕೇಡು, ಆದ್ದರಿಂದ ಅದನ್ನು ಒಂದೇ ಗುಂಡಿಗೆ ಬಿಡದೆ ಕಾಲುವೆ ತಿರುಗಿಸುತ್ತಿರಬೇಕು. ಗರಿಗಳ ಹಸಿರನ್ನು ಕೆರೆದು ತಿನ್ನುವ ಕಪ್ಪುತಲೆ ಹುಳುವಿನ ಮೇಲೆ ಈ ಸೀಮೆಯಲ್ಲಿ ಗೋನಿಯೋಜಸ್ ಎಂಬ ಪುಟ್ಟ ಪರೋಪಜೀವಿ ಕಣಜವನ್ನು ಬಿಡುತ್ತಾರೆ. ಇಂತಹ ಅನೇಕ ಕಣಜಗಳಿಗೆ ಪ್ರೌಢಾವಸ್ಥೆಯಲ್ಲಿ ಹೂವಿನ ಮಧುವೇ ಆಹಾರ. ಹೂವಿನ ಗಿಡಗಳನ್ನು ಬರಿಯ ಶೃಂಗಾರವೆಂದು ಕಿತ್ತುಹಾಕುವವರು ಇದನ್ನು ಯೋಚಿಸಲಿ.

ಹಳೆಯ ಮನೆಯಲ್ಲಿ ಕ್ಷಮಿಸಲಾಗದ ದೋಷವೊಂದಿದ್ದಿತು, ಅದು ಅಡುಗೆಮನೆ. ಕಿಟಕಿ ಗೇಣಗಲ, ಹೊಗೆಗೂಡು ಇಲ್ಲವೇ ಇಲ್ಲ. ಹೊಗೆಯಿಂದ ಜಂತೆಗೆ ಗೆದ್ದಲು ಹತ್ತುವುದಿಲ್ಲವೆಂದು ಸಮಾಧಾನ ಹೇಳುತ್ತಿದ್ದರು. ಜಂತೆಗಾದ ಆ ಲೇಪ ಮನೆಯೊಡತಿಯ ಶ್ವಾಸಕೋಶಕ್ಕೂ ಆಗುತ್ತಿದ್ದುದನ್ನು ಯಾರೂ ಹೇಳಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಹುಟ್ಟಿದ ಅಸ್ತ್ರ ಎಂಬ ಕೇಂದ್ರವು ಹೊಗೆಯನ್ನು ಕೊಳವೆಯಲ್ಲಿ ಮೇಲಕ್ಕೆ ಸಾಗಿಸುವ, ಕಡಿಮೆ ಸೌದೆ ಸಾಕಾಗುವ ಒಲೆಯನ್ನು ರೂಪಿಸಿತು. ಅಸ್ತ್ರ ಒಲೆಯೆಂಬ ಹೆಸರು ಹಳ್ಳಿಗಳಿಗೆ ಪರಿಚಿತವಾದುದು ಹೀಗೆ. ಇಂದು ಅನಿಲದ ಒಲೆ ಬಂದಿದ್ದರೂ ಬಚ್ಚಲ ಹಂಡೆಯ ಕೆಳಗೆ ಗರಿಮಟ್ಟೆಗಳು ಉರಿಯುತ್ತಲೇ ಇವೆ; ಅಲ್ಲಿಗೂ ಒಂದು ಹೊಗೆಗೂಡು ಬೇಕು.

ಅದೇ ಕೇಂದ್ರದವರು ಮಣ್ಣಿನ ಗೋಡೆಯ ದೌರ್ಬಲ್ಯಕ್ಕೂ ಮದ್ದನ್ನು ಹುಡುಕಿದರು. ತಕ್ಕ ಮಣ್ಣಿಗೆ ನೂರಕ್ಕೆ ಏಳರಷ್ಟು ಸಿಮೆಂಟನ್ನು ಬೆರೆಸಿ, ಕೈಯಿಂದ ನಡೆಯುವ ಯಂತ್ರದಲ್ಲಿ ಒತ್ತಿ, ಕೆಲವು ವಾರ ನೀರುಣಿಸಿ ಹದಮಾಡಿದ ಇಟ್ಟಿಗೆ ಮಳೆಗೆ ಕರಗುವುದಿಲ್ಲ. ಸುಡುವ ಸೌದೆಯೂ ಉಳಿಯಿತು. ಹಳೆಯ ಗೋಡೆಯನ್ನು ಕೆಡವಿದಾಗ ಬರುವ ಮಣ್ಣನ್ನೇ, ಜೇಡಿಯ ಅಂಶ ಹೆಚ್ಚಿದ್ದರೆ ಮರಳು ಸೇರಿಸಿ, ಇದಕ್ಕೆ ಬಳಸಬಹುದು. ತೊಟ್ಟಿಯನ್ನೂ ಅಟ್ಟವನ್ನೂ ಉಳಿಸಿಕೊಂಡು, ಅಡುಗೆಮನೆಗೆ ದೊಡ್ಡ ಕಿಟಕಿಗಳನ್ನಿಟ್ಟು, ಮಂಗಳೂರು ಹೆಂಚು ಹೊದಿಸಿ ಇಂತಹ ಇಟ್ಟಿಗೆಯಲ್ಲಿ ಕಟ್ಟಿದ ಮನೆಗೆ ಗೆದ್ದಲಿನ ಭಯ ಕಡಿಮೆ.

ಬೇಲೂರಿನ ಗುಡಿಯ ಆಸುಪಾಸಿನಲ್ಲಿರುವವರಿಗೆ ಮಾತ್ರ ಇನ್ನೊಂದು ತೊಡಕಿದೆ. ಪ್ರಾಚೀನ ಸ್ಮಾರಕಗಳ ಕಾನೂನಿಗೆ 2010ರಲ್ಲಿ ಆದ ತಿದ್ದುಪಡಿಯು ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡವನ್ನು ನಿಷೇಧಿಸಿತು. ಅದರಾಚೆಯ 200 ಮೀಟರಿನಲ್ಲಿ ಅಪ್ಪಣೆ ಪಡೆದು ಕಟ್ಟಬೇಕೆಂದಿತು. ಒಳವಲಯದಲ್ಲಿ ಇರುವ ಮನೆಯನ್ನು ಅಪ್ಪಣೆಯ ಮೇಲೆ ದುರಸ್ತಿ ಮಾಡಬಹುದು, ಆದರೆ ನೆಲಸಮ ಮಾಡಿದ ಮೇಲೆ ಮತ್ತೆ ಎಬ್ಬಿಸುವಂತಿಲ್ಲ. ಅಲ್ಲಿ ಜಂತೆ ಸೋತ ಮನೆಯವರು ಮೊದಲು ಮಾಡಬೇಕಾದ ಕೆಲಸ ಹಾರೆಯನ್ನು ಹುಡುಕುವುದಲ್ಲ. ಹೆಂಚನ್ನು ಕೈಯಾಡಿಸಿ, ಒಡೆದವನ್ನು ಬದಲಾಯಿಸಿ, ಗೋಡೆಯ ಬುಡಕ್ಕೆ ನೀರು ನಿಲ್ಲದಂತೆ ಚರಂಡಿಯನ್ನು ಸರಿಪಡಿಸುವುದು. ಮಣ್ಣಿನ ಗೋಡೆ ಕೆಡುವುದು ಮೇಲಿನ ಸೋರುವಿಕೆಯಿಂದ ಇಲ್ಲವೆ ಬುಡದ ತೇವದಿಂದ. ಈ ಎರಡು ಕೆಲಸಗಳನ್ನೂ ಮಳೆಗಾಲಕ್ಕೆ ಮುಂಚೆ, ಎಂದರೆ ಮೇ ತಿಂಗಳು ಮುಗಿಯುವುದರೊಳಗಾಗಿ, ಮಾಡಿ ಮುಗಿಸತಕ್ಕದ್ದು.